ಹಾಲು ಒಗ್ಗದ ಕೂಸು

ನಮ್ಮದು ಹಾಲು ಕಡಿಮೆ, ಹಾಲಿನ ಮಾತು ಹೆಚ್ಚು ಇರುವ ಸೀಮೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳನ್ನು ಎಣಿಸಿದರೆ ಚಳ್ಳಕೆರೆ, ಮೊಳಕಾಲ್ಮೂರು ಬಂದೇ ಬರುತ್ತವೆ. ಶೇಂಗಾ ಬೆಳೆದು ಎಣ್ಣೆ ತೆಗೆದು 'ಎಣ್ಣೆ ನಗರ' ಎನಿಸಿಕೊಂಡ ಊರು ಚಳ್ಳಕೆರೆ. ರೇಷ್ಮೆ ಸೀರೆಗೆ ಹೆಸರಾದದ್ದು ಮೊಳಕಾಲ್ಮೂರು. ಸುತ್ತ ಅಮೃತಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಹೆಸರಿನಲ್ಲಿ ಅಮೃತವಿದ್ದರೂ ಆ ತಳಿ ಹೆಸರಾದದ್ದು ಫಿರಂಗಿ ಎಳೆಯುವುದರಲ್ಲಿ, ಹಾಲಿನಲ್ಲಲ್ಲ. ಮ್ಯಾಸನಾಯಕರ ದೇವರ ಎತ್ತುಗಳು ಬರಗಾಲದಲ್ಲಿ ಗೋಶಾಲೆಯ ಮೇವಿಗೆ ಕಾಯುತ್ತವೆ. ಗೊಲ್ಲರಹಟ್ಟಿಗಳಲ್ಲಿ ಕುರಿ, ಮೇಕೆ. ಪೇಟೆಯವರಿಗೆ ಬೆಳಗಿನ ನಂದಿನಿ ಪೊಟ್ಟಣ.

ಹೀಗಿದ್ದರೂ ಹಾಲಿಲ್ಲದೆ ಇಲ್ಲಿ ಯಾವ ಕಾರ್ಯವೂ ನಡೆಯುವುದಿಲ್ಲ. ಹೊಸ ಮನೆಗೆ ಹೋದರೆ ಹಾಲು ಉಕ್ಕಿಸುತ್ತಾರೆ. ಮಣ್ಣು ಮಾಡಿದ ಮೇಲೆ ಸಮಾಧಿಗೆ ಹಾಲು ತುಪ್ಪ ಬಿಡುತ್ತಾರೆ. ನಮ್ಮ ಈದಿನ ಶೀರ್ ಖುರ್ಮಾದಲ್ಲಿ ಮೊದಲ ಪದವೇ ಹಾಲು. ಫಾರಸಿಯಲ್ಲಿ ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಇಂಥ ಊರಿನಲ್ಲಿ ಒಂದು ಮನೆಯ ಕೂಸಿಗೆ ಹಾಲು ಒಗ್ಗುವುದಿಲ್ಲ ಎಂದರೆ ಜನ ಮೊದಲು ನಂಬುವುದಿಲ್ಲ. ಆಮೇಲೆ ನಂಬುತ್ತಾರೆ, ತಪ್ಪು ಯಾರದ್ದು ಎಂದು ಹುಡುಕುತ್ತಾರೆ. ಹುಡುಕಿದವರ ಬೆರಳು ಸಾಮಾನ್ಯವಾಗಿ ಹೋಗಿ ನಿಲ್ಲುವುದು ತಾಯಿಯ ಕಡೆಗೆ.

ನಮ್ಮ ತಮ್ಮನ ಮಗಳು ಹುಟ್ಟಿದ್ದು ಅವಳ ತಾಯಿಯ ತವರಿನ ಕಡೆ, ಮೊಳಕಾಲ್ಮೂರಿನ ಹತ್ತಿರ. ಸಿಜೇರಿಯನ್ ಆಗಿದ್ದರಿಂದ ಎದೆಹಾಲು ಇಳಿಯುವುದು ತಡವಾಯಿತು; ಎರಡನೆಯ ದಿನದಿಂದಲೇ ಡಬ್ಬದ ಹಾಲು ಸೇರಿಕೊಂಡಿತು. ಆರು ವಾರವಾಗುವ ಹೊತ್ತಿಗೆ ಕೂಸಿನ ಕೆನ್ನೆ ಕೆಂಪಾಗಿ ಒಡೆಯತೊಡಗಿತು. ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು. ಲೋಳೆಯಂಥ ಭೇದಿ, ಒಂದು ದಿನ ಅದರಲ್ಲಿ ನೂಲಿನಂತೆ ರಕ್ತ ಕಾಣಿಸಿತು. ನಾನಿ ನಜರ್ ಎಂದು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಪಕ್ಕದ ಮನೆಯವರು ಬಾಲಗ್ರಹ ಎಂದರು. ಮತ್ತೊಬ್ಬರು ಉಷ್ಣ ಎಂದರು. ನೋಡಲು ಬಂದ ನೆಂಟರೊಬ್ಬರು ಬಾಣಂತಿಯ ಎದುರಿಗೇ, "ಇವಳ ಹಾಲೇ ಕೆಟ್ಟಿದೆ, ಬಿಡಿಸಿಬಿಡಿ" ಎಂದು ಹೇಳಿ ಚಹಾ ಕುಡಿದು ಹೋದರು. ಆ ಮಾತು ಆ ಹುಡುಗಿಯನ್ನು ಎಷ್ಟು ದಿನ ತಿಂದಿತೆಂಬುದು ನಮಗೆ ಗೊತ್ತು. ಹಸಿದ ಕೂಸು ಎದೆಗೆ ಬಾಯಿ ಹಾಕಿದರೆ ಅವಳು ಹೆದರಿ ಮುಖ ತಿರುಗಿಸುತ್ತಿದ್ದಳು.

ಮೊದಲು ತೋರಿಸಿದ ಖಾಸಗಿ ಕ್ಲಿನಿಕ್ಕಿನಲ್ಲಿ ಮೂರು ಸಲ ಡಬ್ಬ ಬದಲಾಯಿಸಿದರು. ಮೂರನೆಯದು 'ಲ್ಯಾಕ್ಟೋಸ್ ಇಲ್ಲದ್ದು'. ಭೇದಿ ನಿಲ್ಲಲಿಲ್ಲ. ಮೊಳಕಾಲ್ಮೂರಿನವರು ದೊಡ್ಡ ಕಾಯಿಲೆಗೆ ಬಳ್ಳಾರಿಗೆ ಹೋಗುವುದು ರೂಢಿ, ಚಳ್ಳಕೆರೆಯವರು ಚಿತ್ರದುರ್ಗಕ್ಕೋ ದಾವಣಗೆರೆಗೋ. ನಾವು ಬಳ್ಳಾರಿಗೆ ಹೋದೆವು. ಅಲ್ಲಿಯ ಮಕ್ಕಳ ವೈದ್ಯರು ಅವಸರ ಮಾಡದೆ ಎಲ್ಲವನ್ನೂ ಕೇಳಿದರು. ನಂತರ ಅವರು ವಿವರಿಸಿದ್ದನ್ನು, ಆಮೇಲೆ ನಾವು ಓದಿ ತಿಳಿದುಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇನ್ನೊಂದು ಮನೆಗೆ ಉಪಯೋಗವಾಗಬಹುದು.

ಹಾಲಿನಲ್ಲಿ ಸಕ್ಕರೆಯ ಅಂಶ ಬೇರೆ, ಪ್ರೋಟೀನು ಬೇರೆ. ಲ್ಯಾಕ್ಟೋಸ್ ಎಂಬುದು ಸಕ್ಕರೆ. ಅದು ಅರಗದಿದ್ದರೆ ಹೊಟ್ಟೆ ಉಬ್ಬರ, ಭೇದಿ, ಅದು ಅಲರ್ಜಿಯಲ್ಲ. ಅಲರ್ಜಿ ಇರುವುದು ಪ್ರೋಟೀನಿಗೆ, ಮುಖ್ಯವಾಗಿ ಕೇಸಿನ್ ಮತ್ತು ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್‌ಗೆ. ಮಗುವಿನ ಮೈ ಅದನ್ನು ಶತ್ರು ಎಂದು ತಿಳಿದು ಹೋರಾಡುತ್ತದೆ. ಹಾಗಾಗಿ ಲ್ಯಾಕ್ಟೋಸ್ ತೆಗೆದ ಡಬ್ಬದಿಂದ ಈ ಮಗುವಿಗೆ ಏನೂ ಪ್ರಯೋಜನವಿಲ್ಲ. ಪ್ರೋಟೀನು ಅದರಲ್ಲಿ ಹಾಗೇ ಇರುತ್ತದೆ. ಹಾಲನ್ನು ಎಷ್ಟು ಕುದಿಸಿದರೂ ಕೇಸಿನ್ ಹೋಗುವುದಿಲ್ಲ.

ಈ ಅಲರ್ಜಿಯಲ್ಲಿ ಎರಡು ಬಗೆ. ಒಂದು, ಹಾಲು ಕುಡಿದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರಾಟದ ತೊಂದರೆ. ಇದರಲ್ಲಿ ಮಗುವಿನ ಜೀವಕ್ಕೇ ಅಪಾಯವಾಗಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಮನೆಯಲ್ಲಿ ಮತ್ತೆ ಹಾಲು ಕೊಟ್ಟು ಪರೀಕ್ಷಿಸಬಾರದು. ಇನ್ನೊಂದು ನಿಧಾನದ್ದು, ಗಂಟೆಗಳೋ ದಿನಗಳೋ ಕಳೆದ ಮೇಲೆ ಕಾಣಿಸುವುದು. ನಮ್ಮ ಕೂಸಿನದು ಈ ಜಾತಿ. ಇದನ್ನು ರಕ್ತಪರೀಕ್ಷೆ ಹಿಡಿದುಕೊಡುವುದಿಲ್ಲ. ಎರಡರಿಂದ ನಾಲ್ಕು ವಾರ ಹಾಲಿನ ಪ್ರೋಟೀನನ್ನು ಪೂರ್ತಿ ನಿಲ್ಲಿಸಿ ನೋಡಬೇಕು, ಸುಧಾರಿಸಿದರೆ ವೈದ್ಯರ ಕಣ್ಣೆದುರು ಮತ್ತೆ ಕೊಟ್ಟು ನೋಡಬೇಕು. ಇನ್ನೊಂದು ಮಾತೂ ಹೇಳಬೇಕು. ಕೂಸು ಅತ್ತಾಗಲೆಲ್ಲ, ಕಕ್ಕಿದಾಗಲೆಲ್ಲ ಇದು ಅಲರ್ಜಿಯಲ್ಲ. ನೂರಕ್ಕೆ ಎರಡು ಮೂರು ಮಕ್ಕಳಿಗೆ ಎಂಬುದು ಹಳೆಯ ಅಂದಾಜು. ಮಕ್ಕಳಿಗೆ ಹಾಲು ಕೊಟ್ಟು ಪರೀಕ್ಷಿಸಿ ಖಚಿತಪಡಿಸಿಕೊಂಡ ಯುರೋಪಿನ ಅಧ್ಯಯನದಲ್ಲಿ ಸಿಕ್ಕ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಸುದ್ದಿ ಓಣಿಯಲ್ಲಿ ಹರಡಿದಾಗ ಕೂಸು ಚಳ್ಳಕೆರೆಗೆ ಬಂದಾಗಿತ್ತು. ಅಲ್ಲಿಂದ ಹಾಲಿನ ಸಲಹೆಗಳು ಶುರುವಾದವು. ಎಲ್ಲವೂ ಪ್ರೀತಿಯಿಂದಲೇ ಬಂದವು. ಅಮ್ಮಿಗೆ ವರ್ಷಗಳಿಂದ ಪರಿಚಯವಿರುವ ಗೊಲ್ಲರಹಟ್ಟಿಯ ಹೆಂಗಸೊಬ್ಬರು ಬಾಗಿಲಲ್ಲೇ ಕುಳಿತು ಹೇಳಿದರು: "ಬೂಬಮ್ಮ, ಹಸಿನ ಹಾಲು ಒಗ್ಗದಿದ್ರೆ ಮ್ಯಾಕೆ ಹಾಲು ಹಾಕು. ದಿನಾ ಒಂದು ಲೋಟ ನಾನೇ ತಂದ್ಕೊಡ್ತೀನಿ, ಕಾಸು ಬ್ಯಾಡ. ನನ್ನ ಮೊಮ್ಮಕ್ಳೆಲ್ಲ ಅದ್ರಲ್ಲೇ ಬೆಳೆದವು."

ಮೇಕೆ ಹಾಲು ಹಗುರ ಎಂಬುದು ನಮ್ಮ ಸೀಮೆಯ ನಂಬಿಕೆ ಮಾತ್ರವಲ್ಲ, ಲೋಕದ ನಂಬಿಕೆ. ಆದರೆ ಹಸು, ಎಮ್ಮೆ, ಮೇಕೆ, ಕುರಿ ಇವುಗಳ ಹಾಲಿನ ಪ್ರೋಟೀನುಗಳು ಒಂದೇ ಬಳ್ಳಿಯ ಕಾಯಿಗಳು. 1999ರಲ್ಲಿ ಇಟಲಿಯ ವೈದ್ಯರು ಹಸುವಿನ ಹಾಲಿನ ಅಲರ್ಜಿ ಇದ್ದ 26 ಮಕ್ಕಳಿಗೆ ಮೇಕೆ ಹಾಲು ಕೊಟ್ಟು ನೋಡಿದರು. 24 ಮಕ್ಕಳಿಗೆ ಅದೂ ಒಗ್ಗಲಿಲ್ಲ. ಅಷ್ಟೇ ಅಲ್ಲ, ಮೇಕೆ ಹಾಲಿನಲ್ಲಿ ಫೋಲೇಟ್ ತೀರ ಕಡಿಮೆ. ಅದೊಂದರ ಮೇಲೆಯೇ ಬೆಳೆದ ಶಿಶುಗಳಿಗೆ ರಕ್ತಹೀನತೆ ಬರುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇದನ್ನೆಲ್ಲ ಬಾಗಿಲಲ್ಲಿ ಕೂತವರಿಗೆ ಹೇಗೆ ಹೇಳುವುದು? ಅಮ್ಮಿಯೇ ದಾರಿ ಕಂಡುಕೊಂಡರು. "ಅಕ್ಕಾ, ಡಾಕ್ಟರು ಸದ್ಯಕ್ಕೆ ಯಾವ ಹಾಲೂ ಬ್ಯಾಡ ಅಂದವ್ರೆ. ಆರು ತಿಂಗಳಾಗ್ಲಿ, ನಿಮ್ಮ ಹೊಲದ ಹೊಸ ರಾಗಿ ತಂದ್ಕೊಡು, ನಿನ್ನ ಕೈಯಿಂದ್ಲೇ ಶುರು ಮಾಡ್ತೀನಿ" ಎಂದರು. ಆಕೆ ನೆನಪಿಟ್ಟುಕೊಂಡು ಸುಗ್ಗಿಯಲ್ಲಿ ಮೂರು ಸೇರು ರಾಗಿ ತಂದುಕೊಟ್ಟರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು ಕುಡಿಯದ ಮಗುವಿನ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಉಡುಗೊರೆ ಇರಲಾರದು.

ಕತ್ತೆ ಹಾಲಿನ ಮಾತೂ ಬಂತು. ಕತ್ತೆ ಹಿಡಿದುಕೊಂಡು ಬೀದಿಯಲ್ಲಿ ಕೂಗುತ್ತ ಬಂದು, ನಿಂತಲ್ಲೇ ಕರೆದು ಒಂದು ಸಣ್ಣ ಒಳಲೆ ಅಳತೆಯ ಹಾಲನ್ನು ದುಬಾರಿ ಬೆಲೆಗೆ ಕೊಡುವವರನ್ನು ನಮ್ಮ ಕಡೆಯವರೆಲ್ಲ ಕಂಡಿದ್ದಾರೆ. ವಿಚಿತ್ರವೆಂದರೆ, ಕತ್ತೆ ಹಾಲಿನ ಪ್ರೋಟೀನು ತಾಯಿ ಹಾಲಿನದಕ್ಕೆ ಸಾಕಷ್ಟು ಹತ್ತಿರವಿದೆ. ಇಟಲಿಯಲ್ಲಿ ಇಂಥ ಮಕ್ಕಳಿಗೆ ವೈದ್ಯರ ನಿಗಾದಲ್ಲಿ ಅದನ್ನು ಕೊಟ್ಟೂ ಇದ್ದಾರೆ. ಆದರೆ ಅದರಲ್ಲಿ ಕೊಬ್ಬು ಬಹಳ ಕಡಿಮೆ, ಶಿಶುವಿಗೆ ಅದೊಂದೇ ಸಾಲದು. ಬೀದಿಯಲ್ಲಿ ಕರೆದ ಹಸಿ ಹಾಲಿನಲ್ಲಿ ಸೋಂಕಿನ ಭಯ ಬೇರೆ. ಸಾಕುಕತ್ತೆಯ ಹಾಲು ಹನಫಿ ಫಿಕ್ಹ್‌ನಲ್ಲಿ ಆಹಾರವೂ ಅಲ್ಲ. ಒಂಟೆ ಹಾಲು ನಮಗೆ ಹಲಾಲ್, ಗುಜರಾತಿನಲ್ಲಿ ಅಮುಲ್ 2019ರಿಂದ ಅದನ್ನು ಮಾರುತ್ತಿದೆ. ಅದೂ ಶಿಶುವಿನ ಪೂರ್ತಿ ಆಹಾರವಾಗಲಾರದು. ಬಾದಾಮಿ ಹಾಲು, ತೆಂಗಿನ ಹಾಲು, ಅಕ್ಕಿ ಗಂಜಿ ಎಂದವರಿಗೂ ಇದೇ ಉತ್ತರ. ವರ್ಷ ತುಂಬದ ಮಗುವಿಗೆ ಹಾಲಿನ ಬದಲು ಇವನ್ನೇ ಕೊಟ್ಟು ಮಕ್ಕಳು ಸೊರಗಿದ, ಮೂಳೆ ಬಾಗಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಹಾಗಾದರೆ ಉಳಿದದ್ದೇನು? ಮೊದಲನೆಯದು, ಎಲ್ಲರೂ ಬಿಡಿಸಿ ಎಂದಿದ್ದ ಅದೇ ತಾಯಿಯ ಹಾಲು. ಬಳ್ಳಾರಿಯ ವೈದ್ಯರು ಬಾಣಂತಿಗೆ ಹೇಳಿದ್ದು ಇಷ್ಟು: "ನಿಮ್ಮ ಹಾಲು ಕೆಟ್ಟಿಲ್ಲಮ್ಮ. ನೀವು ಕುಡಿದ ಹಸುವಿನ ಹಾಲಿನ ಅಂಶ ಸ್ವಲ್ಪ ನಿಮ್ಮ ಹಾಲಿನಲ್ಲೂ ಬರುತ್ತದೆ. ನೀವು ಬಿಟ್ಟರೆ ಅದೂ ಹೋಗುತ್ತದೆ." ನಾವು ಬಾಣಂತಿಗೆ ಏನು ಕೊಡುತ್ತೇವೆ ನೋಡಿ: ತುಪ್ಪ ಸುರಿದ ಅನ್ನ, ರವೆ ಬಾದಾಮಿಯ ಹರೀರಾ, ಗೋಂದಿನ ಲಡ್ಡು, ರಾತ್ರಿ ಮಲಗುವಾಗ ಅರಿಸಿನ ಹಾಕಿದ ಹಾಲು. ಎಲ್ಲದರಲ್ಲೂ ಹಾಲು ಅಥವಾ ತುಪ್ಪ. ಹಾಲು, ಮೊಸರು, ಮಜ್ಜಿಗೆ, ಖೋವಾ, ಪನೀರ್, ಬೇಕರಿಯ ಬಿಸ್ಕತ್ತು ಬ್ರೆಡ್ಡು ಎಲ್ಲ ನಿಂತವು. ತುಪ್ಪದಲ್ಲೂ ಪ್ರೋಟೀನು ಒಂದಿಷ್ಟು ಉಳಿದಿರಬಹುದು ಎಂದು ಅದೂ ನಿಂತಿತು. ಎಣ್ಣೆಯ ಊರಲ್ಲಿ ಎಣ್ಣೆಗೆ ಬರವೇ? ಹರೀರಾ ಶೇಂಗಾ ಎಣ್ಣೆಯಲ್ಲಿ, ನೀರಿನಲ್ಲಿ ಆಯಿತು. ಕ್ಯಾಲ್ಸಿಯಂ ಮಾತ್ರೆ ಬಂತು. ಆ ವರ್ಷದ ಈದಿನಲ್ಲಿ ಅಮ್ಮಿ ತೆಂಗಿನಕಾಯಿ ಹಾಲಿನಲ್ಲಿ ಬೇರೆಯೇ ಒಂದು ಪಾತ್ರೆ ಶೀರ್ ಖುರ್ಮಾ ಮಾಡಿದರು. ಸೊಸೆಗೆಂದು ಮಾಡಿದ್ದನ್ನು ಮಕ್ಕಳೆಲ್ಲ ಖಾಲಿ ಮಾಡಿ, ಅವಳಿಗೆ ಮತ್ತೆ ಮಾಡಬೇಕಾಯಿತು.

ಇದೇ ಹೊತ್ತಿನಲ್ಲಿ ಕೂಸಿನ ಖಾಲಾ ಮೊಳಕಾಲ್ಮೂರಿನಿಂದ ಬಂದರು. ಅವರ ತೊಡೆಯ ಮೇಲೂ ಎಂಟು ತಿಂಗಳ ಗಂಡುಮಗು. "ನನ್ನ ಹಾಲೂ ಕುಡೀಲಿ, ನಾನೂ ಹಾಲು ತುಪ್ಪ ಬಿಡ್ತೀನಿ" ಎಂದರು. ಪ್ರವಾದಿಯವರನ್ನೇ ಹಲೀಮಾ ಸಾದಿಯಾ ಹಾಲೂಡಿಸಿ ಸಾಕಿದ್ದನ್ನು ಕೇಳಿ ಬೆಳೆದವರು ನಾವು, ಮಾತು ಹೊಸದಲ್ಲ. ಆದರೆ ಹಾಲು ಕುಡಿದರೆ ನೆಂಟಸ್ತಿಕೆಯೂ ಬದಲಾಗುತ್ತದೆ. ಹನಫಿಗಳಲ್ಲಿ ಒಂದು ಸಲ ಕುಡಿದರೂ ಆ ಇಬ್ಬರು ಮಕ್ಕಳು ಹಾಲಿನ ಅಣ್ಣತಂಗಿ. ಶಾಫಿಗಳಲ್ಲಿ ಐದು ಸಲ ಕುಡಿದಿರಬೇಕು. ಖಾಲಾನ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇದ್ದದ್ದೇ, ಆದ್ದರಿಂದ ಹಿರಿಯರು ಕ್ಷಣ ಸುಮ್ಮನಾದರು. ನಾನಿ, "ಮದುವೆಗೆ ಇಪ್ಪತ್ತು ವರ್ಷ ಇದೆ, ಹಸಿವು ಈಗ ಇದೆ" ಎಂದರು. ಖಾಲಾನ ರಕ್ತಪರೀಕ್ಷೆ ಮಾಡಿಸಿ, ಅವರೂ ಹಾಲು ತುಪ್ಪ ಬಿಟ್ಟು ಕೆಲವು ದಿನ ಕಳೆದ ಮೇಲೆ ಹತ್ತು ಹನ್ನೆರಡು ದಿನ ಕೂಸು ಅವರ ಹಾಲೂ ಕುಡಿಯಿತು. ಯಾರ ಹಾಲನ್ನು ಯಾರು ಕುಡಿದರು ಎಂಬುದನ್ನು ಮನೆಯ ಹಿರಿಯರು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟರು. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಅಂಥ ಬ್ಯಾಂಕುಗಳ ಬಗ್ಗೆ ಮುಸ್ಲಿಮರಲ್ಲಿ ಇರುವ ಅಳುಕಿಗೆ, ಕೊಟ್ಟ ತಾಯಂದಿರ ಹೆಸರು ಬರೆದಿಟ್ಟು ಕೇಳಿದವರಿಗೆ ತಿಳಿಸುವ ವ್ಯವಸ್ಥೆ ಒಂದು ಪರಿಹಾರವಾಗಬಹುದೆಂದು ನಮಗೆ ತೋರುತ್ತದೆ.

ಖಾಲಾ ತಮ್ಮೂರಿಗೆ ಹೋಗಲೇಬೇಕಿತ್ತು, ತಾಯಿಯ ಹಾಲು ಇನ್ನೂ ಸಾಲುತ್ತಿರಲಿಲ್ಲ. ಕೊರತೆಗೆ ಡಬ್ಬವೇ ಗತಿ. ಆದರೆ ಯಾವ ಡಬ್ಬ? ಇಂಥ ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನನ್ನೇ ಚೂರುಚೂರಾಗಿ ಒಡೆದು ಮಾಡಿದ ಪುಡಿ ಇದೆ. ಅದಕ್ಕೆ 'ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಸ್ಡ್' ಎನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ಒಗ್ಗುತ್ತದೆ. ಅದೂ ಒಗ್ಗದವರಿಗೆ ಬರೀ ಅಮೈನೋ ಆಮ್ಲಗಳಿಂದ ಮಾಡಿದ್ದು. 'ಪಾರ್ಷಿಯಲಿ ಹೈಡ್ರೊಲೈಸ್ಡ್', ಅಂದರೆ ಅರೆಬರೆ ಒಡೆದದ್ದು, ಈ ಅಲರ್ಜಿಗೆ ಬರುವುದಿಲ್ಲ. ಹೆಸರು ಹತ್ತಿರವಿರುವುದರಿಂದ ಅಂಗಡಿಯಲ್ಲಿ ಅದೂ ಕೈಗೆ ಬರಬಹುದು. ಸೋಯಾ ಪುಡಿ ಅಗ್ಗ. ಆದರೆ ಆರು ತಿಂಗಳೊಳಗೆ ಅದು ಬೇಡ ಎಂಬುದು ಯುರೋಪಿನ ತಜ್ಞರ ಮಾರ್ಗಸೂಚಿ. ಹಾಲು ಒಗ್ಗದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಸೋಯಾ ಕೂಡ ಒಗ್ಗುವುದಿಲ್ಲ.

ನಮಗೆ ಇನ್ನೊಂದು ಪ್ರಶ್ನೆ ಎದುರಾಯಿತು. ಕೆಲವು ಕಂಪೆನಿಗಳು ಹಾಲಿನ ಪ್ರೋಟೀನನ್ನು ಒಡೆಯಲು ಹಂದಿಯ ಮೇದೋಜೀರಕದಿಂದ ತೆಗೆದ ಕಿಣ್ವ ಬಳಸುತ್ತವೆ. ಕೈಯಲ್ಲಿದ್ದ ಡಬ್ಬದ ಮೇಲೆ ಕಿಣ್ವ ಎಲ್ಲಿಯದೆಂದು ಬರೆದಿರಲಿಲ್ಲ. ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಮಸೀದಿಯ ಮೌಲಾನಾ ಕೇಳಿದ್ದು ಒಂದೇ ಪ್ರಶ್ನೆ: "ಬೇರೆಯದು ಸಿಗುತ್ತದೆಯೇ?" ಸಿಗುವುದಾದರೆ ಅದನ್ನೇ ತನ್ನಿ, ಸಿಗುವವರೆಗೆ ಕೂಸನ್ನು ಹಸಿವಿನಲ್ಲಿ ಇಡಬೇಡಿ, ನಿರ್ವಾಹವಿಲ್ಲದವನಿಗೆ ಪಾಪವಿಲ್ಲ ಎಂದರು. ತಮ್ಮ ಕಂಪೆನಿಗಳಿಗೆ ಫೋನು ಮಾಡಿ ವಿಚಾರಿಸಿ, ಅಂಥ ಕಿಣ್ವ ಬಳಸದ ಡಬ್ಬವನ್ನು ಹುಡುಕಿದ. ಧರ್ಮಕ್ಕೂ ವೈದ್ಯಕ್ಕೂ ಜಗಳ ಹಚ್ಚದೆ ಮೌಲಾನಾ ಮಾತನಾಡಿದ ರೀತಿ ನಮಗೆ ಇಷ್ಟವಾಯಿತು.

ಆದರೆ ಆ ಡಬ್ಬ ಚಳ್ಳಕೆರೆಯಲ್ಲಿ ಸಿಗಲಿಲ್ಲ. ಚಿತ್ರದುರ್ಗದಲ್ಲಿ ಆರ್ಡರ್ ಕೊಟ್ಟರೆ ಬೆಂಗಳೂರಿನಿಂದ ತರಿಸಿಕೊಡುತ್ತಿದ್ದರು. ಲೆಕ್ಕ ಹಾಕಿ ನೋಡಿ: ನಾಲ್ಕು ತಿಂಗಳ ಮಗುವಿಗೆ ಪುಡಿಯೇ ಪೂರ್ತಿ ಆಹಾರವಾದರೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಬೇಕು. 400 ಗ್ರಾಮಿನ ಡಬ್ಬ ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ. ಬೆಲೆ ಸಾಮಾನ್ಯ ಡಬ್ಬದ ಕೆಲವು ಪಟ್ಟು. ಅರ್ಧದಷ್ಟು ತಾಯಿಯ ಹಾಲಿದ್ದ ನಮಗೇ ಕೈ ಸುಟ್ಟಿತು. ಕಂಬಳಿ ನೇಯುವವರ, ಮಗ್ಗದಲ್ಲಿ ಕೂಲಿ ಮಾಡುವವರ, ಎಣ್ಣೆ ಮಿಲ್ಲಿನ ಹಮಾಲರ ಮನೆಯಲ್ಲಿ ಇಂಥ ಕೂಸು ಹುಟ್ಟಿದರೆ? ಡಬ್ಬ ಹೆಚ್ಚು ದಿನ ಬರಲೆಂದು ನೀರು ಜಾಸ್ತಿ ಹಾಕುತ್ತಾರೆ, ಮಗು ಸೊರಗುತ್ತದೆ. ಅದಕ್ಕೇ ನಾವು ಹೇಳುವುದು, ತಾಯಿಯ ಹಾಲು ಉಳಿಸಿಕೊಳ್ಳುವುದೇ ಬಡವರ ಮನೆಯ ದೊಡ್ಡ ಔಷಧಿ. 1992ರ ಕಾನೂನು ಶಿಶುಗಳ ಹಾಲಿನ ಪುಡಿಗೆ ಜಾಹೀರಾತು ಮಾಡಬಾರದೆನ್ನುತ್ತದೆ, ತಾಯಿಯ ಹಾಲೇ ಶ್ರೇಷ್ಠವೆಂದು ಡಬ್ಬದ ಮೇಲೆ ಬರೆಯಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ಆ ಸಾಲನ್ನು ನಮ್ಮ ಎಷ್ಟು ತಾಯಂದಿರು ಓದಬಲ್ಲರು? ಬಿಸ್ಕತ್ತಿನ ಪೊಟ್ಟಣದ ಹಿಂದಿನ 'ಮಿಲ್ಕ್ ಸಾಲಿಡ್ಸ್', 'ವೇ', 'ಕೇಸಿನೇಟ್' ಎಂಬ ಸಣ್ಣ ಅಕ್ಷರಗಳದ್ದೂ ಇದೇ ಕಥೆ. ಉರ್ದು, ಕನ್ನಡ ಎರಡೂ ಚೆನ್ನಾಗಿ ಬಲ್ಲ ನಮ್ಮ ತಮ್ಮನ ಹೆಂಡತಿ ಆ ಪದಗಳನ್ನು ಕನ್ನಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಂಡು ಅಂಗಡಿಗೆ ಹೋಗುತ್ತಿದ್ದಳು.

ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲಿ ಹಾಲುಣಿಸುವ ವಿಷಯ ಬರುತ್ತದೆ. ಎರಡು ವರ್ಷದ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡು ತಾಯಂದಿರಿಗೆ ಹೇಳುತ್ತಾರೆ. ಅದೇ ವಚನದಲ್ಲಿ ಇನ್ನೆರಡು ವಿಷಯಗಳಿವೆ: ಹಾಲುಣಿಸುವವಳ ಊಟ ಬಟ್ಟೆಯ ಹೊಣೆ ತಂದೆಯದು, ಮಗುವಿನ ಕಾರಣಕ್ಕೆ ತಾಯಿಗೆ ತೊಂದರೆ ಕೊಡಬಾರದು. ಈ ಎರಡನ್ನು ಹೇಳುವವರು ಕಡಿಮೆ. 'ನಿನ್ನ ಹಾಲು ಕೆಟ್ಟಿದೆ' ಎನ್ನುವುದು ಮಗುವಿನ ಕಾರಣಕ್ಕೆ ತಾಯಿಗೆ ಕೊಡುವ ತೊಂದರೆ ಅಲ್ಲದೆ ಮತ್ತೇನು? ಯಾವ ಹಾಲು ಎಂದು ಆರಿಸುವ ಮೊದಲು ಮನೆಯವರು ಇದನ್ನು ತೀರ್ಮಾನಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ತಾಯಿಗೆ ಧೈರ್ಯ ಬಂದ ಮೇಲೆ ಅವಳ ಹಾಲೂ ಹೆಚ್ಚಿತು. ಎರಡನೆಯ ವಾರದಲ್ಲಿ ರಕ್ತ ನಿಂತಿತು, ತಿಂಗಳಲ್ಲಿ ಕೆನ್ನೆ ತಿಳಿಯಾಯಿತು.

ಈ ಅಲರ್ಜಿ ಹೆಚ್ಚಿನ ಮಕ್ಕಳಿಗೆ ಮೂರರಿಂದ ಐದು ವರ್ಷದೊಳಗೆ ತಾನಾಗಿ ಹೋಗುತ್ತದೆ, ನಿಧಾನದ ಬಗೆಯದು ಇನ್ನೂ ಬೇಗ. ವರ್ಷ ತುಂಬುವ ಹೊತ್ತಿಗೆ ವೈದ್ಯರು ಮತ್ತೆ ನೋಡಿ, ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿರುವ ಹಾಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಅಷ್ಟರೊಳಗೆ ಮಗು ಅಂಗನವಾಡಿಗೆ ಹೋಗುವಂತಾದರೆ ಅಲ್ಲಿ ಹಾಲು ಕಾದಿರುತ್ತದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ನಮ್ಮಂಥ ಬರದ ತಾಲೂಕಿನ ಮಕ್ಕಳಿಗೆ ನಿಜವಾಗಿಯೂ ಭಾಗ್ಯವೇ. ಅದರ ನಡುವೆ ಹಾಲು ಒಗ್ಗದ ಒಂದು ಮಗುವಿದ್ದರೆ ಕಾರ್ಯಕರ್ತೆಗೆ ಗೊತ್ತಿರಬೇಕು. ಆ ಮಗುವಿಗೆ ಒಂದು ಲೋಟ ರಾಗಿ ಅಂಬಲಿ ಕೊಟ್ಟರೆ ಯೋಜನೆಗೆ ಭಾರವೇನೂ ಆಗದು. ಆಶಾ ಕಾರ್ಯಕರ್ತೆಯರಿಗೆ ಈ ಅಲರ್ಜಿಯ ಗುರುತುಗಳನ್ನು ಒಂದು ದಿನದ ತರಬೇತಿಯಲ್ಲಿ ಹೇಳಿಕೊಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಬಿ.ಪಿ.ಎಲ್. ಮನೆಯ ಮಕ್ಕಳಿಗೆಂದು ಈ ವಿಶೇಷ ಪುಡಿಯ ಹತ್ತು ಡಬ್ಬವಾದರೂ ಇರಬೇಕು. ಜಮಾಅತ್ತುಗಳು ರಂಜಾನಿನಲ್ಲಿ ಹಂಚುವ ಝಕಾತಿನಲ್ಲಿ ಇಂಥ ಒಂದು ಕೂಸಿನ ಆರು ತಿಂಗಳ ಡಬ್ಬವನ್ನು ಲೆಕ್ಕಕ್ಕೆ ಹಿಡಿಯಬಹುದು. ಕೂಸು ಯಾವ ಕೇರಿಯದು ಎಂದು ಕೇಳದೆ ಕೊಡಲು ಸಾಮಾನ್ಯ ಸದಕಾ ಇದ್ದೇ ಇದೆ. ಗೊಲ್ಲರಹಟ್ಟಿಯಿಂದ ನಮ್ಮ ಮನೆಗೆ ರಾಗಿ ಬಂದಾಗಲೂ ಯಾರೂ ಅದನ್ನು ಕೇಳಲಿಲ್ಲ.